ಕಾಲು ಕೇಜಿಗೆ ಸ್ವಲ್ಪ ಕಮ್ಮಿ

ನಲವತ್ತೆರಡು ವರ್ಷ ಹೊತ್ತವಳು ನಾನು,
ನೋಡಿದವನು ಅವನು.

ಆಪರೇಷನ್ ಕೋಣೆಯ ಬಾಗಿಲು ಅರ್ಧ ತೆರೆದು
ಸ್ಟೀಲ್ ತಟ್ಟೆ ಹಿಡಿದು ನರ್ಸಮ್ಮ ಕರೆದಳಂತೆ:
‘ತಿಮ್ಮಾಜಿ ಕಡೆಯೋರು ಯಾರು? ಬಂದು ನೋಡ್ಕೊಳಿ.’
ನಾದಿನಿ ಇಂದ್ರಾಕ್ಷಿ ಸೆರಗು ಬಾಯಿಗಿಟ್ಟು ತಿರುಗಿದಳು.
ಇವನು ನೋಡಿದ. ಹಾಸನದ ಮಾರ್ಕೆಟ್ಟಿನಲ್ಲಿ
ಇಪ್ಪತ್ತು ವರ್ಷ ಆಲೂಗೆಡ್ಡೆ ತೂಗಿದ ಕಣ್ಣು.

‘ಹೆಂಗಿತ್ತು?’ ಅಂದೆ ಮೂರನೆಯ ದಿನ,
ಗಂಜಿ ಗಂಟಲಲ್ಲಿ ಇಳಿಯತೊಡಗಿದಾಗ.
‘ಗೆಡ್ಡೆ ಇದ್ದಂಗಿತ್ತು. ಕಾಲು ಕೇಜಿಗೆ ಸ್ವಲ್ಪ ಕಮ್ಮಿ.’
ಆಮೇಲೆ, ತಪ್ಪು ಮಾತಾಡಿದವನ ಹಾಗೆ,
ಲೋಟ ತೊಳೆಯಲು ಹೋದ.

ಅದಕ್ಕೂ ಮೊದಲು ಆರು ವರ್ಷ:
ಭುಜ, ಸೊಂಟ, ಕತ್ತಿನ ಬುಡ, ಮೊಣಕೈ ಒಳಮಗ್ಗುಲು,
ಇವತ್ತು ಇಲ್ಲಿ, ನಾಳೆ ಅಲ್ಲಿ, ನಾಡಿದ್ದು ಎಲ್ಲ ಕಡೆ.
ರಕ್ತ ನಾರ್ಮಲ್, ಎಕ್ಸ್‌ರೇ ನಾರ್ಮಲ್.
‘ನಾರ್ಮಲ್ ಆಗಿರೋಳು ಯಾಕೆ ಮಲಗ್ತಾಳೆ?’ ಅಂದರು ಅತ್ತೆ.
ಕೊನೆಗೊಬ್ಬಳು ಹುಡುಗಿ ಡಾಕ್ಟರು
ಹದಿನೆಂಟು ಕಡೆ ಹೆಬ್ಬೆರಳಲ್ಲಿ ಒತ್ತಿ,
ಹದಿನೈದು ಕಡೆ ನಾನು ಕಿರುಚಿ,
ಚೀಟಿಯಲ್ಲಿ ಬರೆದುಕೊಟ್ಟಳು: ಫೈಬ್ರೊಮಯಾಲ್ಜಿಯ.
ದುದ್ದದ ಬಸ್ಸು ಊರು ಮುಟ್ಟುವಷ್ಟರಲ್ಲಿ
ಅರ್ಧ ಹೆಸರು ಮರೆತಿದ್ದೆ.
ಹೆಸರೇ ಹೇಳಲಾಗದ ಕಾಯಿಲೆಯನ್ನು
ಯಾರು ನಂಬುತ್ತಾರೆ?

ತಿಂಗಳಿಗೆ ಹನ್ನೆರಡು ದಿನ ಹೋಗುತ್ತಿದ್ದ ರಕ್ತವನ್ನು ಮಾತ್ರ
ಎಲ್ಲರೂ ನಂಬಿದರು. ಅದು ಬಟ್ಟೆಯ ಮೇಲೆ ಕಾಣುತ್ತಿತ್ತು.
‘ಗರ್ಭಚೀಲ ತೆಗೆಸಿಬಿಡೇ,
ಮೈಕೈ ನೋವೂ ಅದರ ಜೊತೇಲೇ ಹೋಗುತ್ತೆ.’
ಬೀದಿ ತುಂಬ ಡಾಕ್ಟರುಗಳು.
ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದೆ.

ಪಕ್ಕದ ಮಂಚದ ಶಹತಾಜಮ್ಮ, ಪಿತ್ತಕೋಶದ ಕಲ್ಲಿಗೆ ಬಂದವರು,
ನನ್ನ ಚೀಟಿ ಓದಿ ನಕ್ಕರು, ಹೊಲಿಗೆ ಹಿಡಿದುಕೊಂಡು:
‘ನಂದೂ ಅದೇ. ಏಳು ವರ್ಷ ಆಯ್ತು ನಂದು ತೆಗೆದು.
ಮನೆ ಕೆಡವಿದ್ರು, ಬಾಡಿಗೆಯೋನು ಹೋಗಲಿಲ್ಲ ಕಣಮ್ಮ.’
ನಗಿಸಬೇಡಿ ಅಂದೆ, ಇಬ್ಬರಿಗೂ ಹೊಟ್ಟೆ ಹಿಡಿಯುತ್ತಿತ್ತು.
ನಕ್ಕೆವು.

ಸುಳ್ಳು ಹೇಳಬಾರದು. ರಕ್ತ ನಿಂತಿತು.
ಹೆಂಚಿನ ಸಂದಿಯಲ್ಲಿ ಬಚ್ಚಿಟ್ಟ ಹಳೇ ಬಟ್ಟೆಯ ಗಂಟು
ನೀರೊಲೆಗೆ ಹಾಕಿದೆ. ಹಾಕಬಾರದಂತೆ. ಹಾಕಿದೆ.
ತಿಳಿ ಹಳದಿ ಲಂಗ ಹೊಲಿಸಿಕೊಂಡೆ, ಜೀವಮಾನದಲ್ಲಿ ಮೊದಲ ಸಲ.

ಆದರೆ ಹೊರಗೆ ಕೂರುವ ಮೂರು ದಿನವೂ ಹೋಯಿತು.
ಜಗಲಿಯ ಮೂಲೆ, ಬೇರೆ ತಟ್ಟೆ, ಮೇಲಿಂದ ಸುರಿಯುವ ನೀರು:
ಅವಮಾನ ಅಂದುಕೊಂಡಿದ್ದೆ,
ಅದೇ ನನ್ನ ರಜ ಎಂದು ಗೊತ್ತಿರಲಿಲ್ಲ.
ಈಗ ಮೂವತ್ತು ದಿನವೂ ಮಡಿ,
ಮೂವತ್ತು ದಿನವೂ ಮುದ್ದೆ ತೊಳೆಸುವ ಕೈ ನನ್ನದೇ,
ಕೋಲು ಹಿಡಿದರೆ ಬೆರಳು ಬಿಡಿಸಲು ಇನ್ನೊಂದು ಕೈ ಬೇಕು.

ಮೇ ತಿಂಗಳು. ಜಲಂಧರದ ಬಿತ್ತನೆ ಬಂತು, ಲಾರಿ ಲಾರಿ.
ಗೋಣಿ ಹಾಸಿ ಕೂತು ಗೆಡ್ಡೆ ಕೊಯ್ಯುವ ಕೂಲಿ.
ತುಂಡಿಗೊಂದು ಕಣ್ಣು ಇರಲೇಬೇಕು.
ಒಂದು ಕಣ್ಣು ಕಿತ್ತರೆ ಗೆಡ್ಡೆ ಕುರುಡಾಗುವುದಿಲ್ಲ,
ಉಳಿದವು ಕತ್ತಲಲ್ಲಿ ಇನ್ನೂ ಜೋರಾಗಿ ಮೊಳೆಯುತ್ತವೆ.
ಹನ್ನೊಂದನೇ ವಯಸ್ಸಿಂದ ಇದು ನನಗೆ ಗೊತ್ತು.
ಸಹಿ ಹಾಕುವಾಗ ನೆನಪಾಗಲಿಲ್ಲ, ಅಷ್ಟೆ.

ರಾತ್ರಿ ಕೇಳಿದೆ:
‘ತೂಗೋನು ನೀನು. ಈ ಕೈ ಎಷ್ಟಾಗುತ್ತೆ ಹೇಳು.’
ಮುಂಗೈ ಕೆಳಗೆ ಅಂಗೈಯಿಟ್ಟು, ಒಂದಿಷ್ಟೇ ಎತ್ತಿ
ತುಂಬ ಹೊತ್ತು ಹಿಡಿದಿದ್ದ. ಬಾಯಿ ಬಿಡಲಿಲ್ಲ.
ಆಮೇಲೆ ಎದ್ದು ನನ್ನ ಮೇಲಿನ ದುಪ್ಪಟಿ ತೆಗೆದು
ತನ್ನ ಸವೆದ ಪಂಚೆ ಹೊದಿಸಿದ.

ಅದೂ ಭಾರವೇ.
ಹೇಳಲಿಲ್ಲ.