ಚೆಕ್ಕಿಂಗ್

ರಾತ್ರಿ ಹನ್ನೊಂದೂ ನಲವತ್ತು. ಕಂಕನಾಡಿಯ ಬಾಡಿಗೆ ಕೋಣೆ.
ಮೂರನೆಯ ಪತ್ರಿಕೆಗೆಂದು ಅದೇ ಪ್ರಬಂಧಕ್ಕೆ
ಮೂರನೆಯ ವೇಷ ತೊಡಿಸುತ್ತಿದ್ದೇನೆ.
ಒಬ್ಬರಿಗೆ ಆಕರದ ಅಂಕೆ ಕಂಸದೊಳಗೆ ಬೇಕು,
ಇವರಿಗೆ ಪದದ ಹೆಗಲ ಮೇಲೆ, ಸೊಳ್ಳೆ ಕೂತ ಹಾಗೆ.
ಕೋಷ್ಟಕ ನಾಲ್ಕು ಮೀರಕೂಡದು.
ಸಾರಾಂಶ ಇನ್ನೂರೈವತ್ತು ಪದ. ನನ್ನದು ಇನ್ನೂರ ಎಂಬತ್ತೊಂದು.

‘ಮನೆಯ ಜಗಲಿಯಲ್ಲೇ ಕೂತು’ ತೆಗೆದೆ.
‘ಹನ್ನೆರಡನೆಯ ವಯಸ್ಸಿನಿಂದ’ ತೆಗೆದೆ, ಮತ್ತೆ ಹಾಕಿದೆ, ತೆಗೆದೆ.
‘ನಗುತ್ತಾ’ ಎಂಬುದು ಮೊದಲೂ ಇರಲಿಲ್ಲ,
ಇದ್ದದ್ದು ನನ್ನ ಕಿವಿಯಲ್ಲಿ:

ಬೆಂಗರೆಯಲ್ಲಿ ರಮ್ಲತ್ ಮಡಿಲ ತಡ್ಪೆ ಬದಿಗಿಟ್ಟು
ಕೊಳವೆಗೆ ಬಾಯಿ ಹಚ್ಚಿದಾಗ
ಊದಿ, ಇನ್ನೂ ಊದಿ, ಬಿಡಬೇಡಿ, ಊದಿ ಎಂದು ನಾನು ಕೂಗಿದ್ದು;
ಅವಳು ಕೊಳವೆ ಕಿತ್ತು, ನಕ್ಕು, ಕೆಮ್ಮಿ,
“ನಮ್ಮ ಒಲೆ ಸಹ ಇಷ್ಟು ಕೇಳುದಿಲ್ಲ ಡಾಕ್ಟ್ರಮ್ಮ” ಅಂದದ್ದು.
ಆ ಉಸಿರು ಲೆಕ್ಕಕ್ಕಿಲ್ಲ. ಮೂರು ಸಲ ತಾಳೆಯಾಗಬೇಕು.
ಆಗಲಿಲ್ಲ. ಹಾಗಾಗಿ ರಮ್ಲತ್
ಮೊದಲ ಚಿತ್ರದ ಬಲಬದಿಯ ಸಣ್ಣ ಚೌಕದಲ್ಲಿದ್ದಾಳೆ,
‘ಕೈಬಿಟ್ಟವರು: ಹತ್ತೊಂಬತ್ತು’.

ಉಳಿದವರು ಇನ್ನೂರ ಆರು ಮಂದಿ.
ಕುತ್ತಿಗೆ ನೋವಿನ ಪಿ ಬೆಲೆ ಸೊನ್ನೆ ಬಿಂದು ಸೊನ್ನೆ ಆರು.
“ಗೆರೆಯಿಂದ ಕೂದಲೆಳೆ ಆಚೆ,” ಅಂದರು ಸಲ್ದಾನ್ಹಾ ಸರ್,
“ಆಚೆಯದು ಆಚೆಯೇ.” ಅವರ ಮಾತು ಸರಿ.
ಕತ್ತು ಹೊರಳದೆ, ಇಡೀ ಮೈಯನ್ನೇ ತಿರುಗಿಸಿ
ನನಗೆ ಉತ್ತರ ಕೊಟ್ಟ ಸೇಸಮ್ಮನಿಗೆ
ಇದನ್ನು ತುಳುವಿನಲ್ಲಿ ಹೇಗೆ ಹೇಳುವುದು?

ಮೊದಲ ಪತ್ರಿಕೆ ನಾಲ್ಕೇ ದಿನದಲ್ಲಿ ಕೈಮುಗಿಯಿತು:
ನಮ್ಮ ಓದುಗರಿಗೆ ಆಸಕ್ತಿ ಇರಲಾರದು.
ಎರಡನೆಯದಕ್ಕೆ ಐದು ತಿಂಗಳು. ಇಬ್ಬರು ಪರೀಕ್ಷಕರು.
ಒಬ್ಬರು ಭಾಷೆ ತಿದ್ದಿಸಿ ಎಂದರು.
ಇನ್ನೊಬ್ಬರು, ಹೆಸರಿಲ್ಲದವರು, ಕೇಳಿದರು: ಬೀಡಿ ಎಂದರೇನು?

ಬೀಡಿ ಎಂದರೆ
ಎಲೆ ನೆನೆಸಿಡು, ತಗಡಿನ ಅಳತೆಯಿಟ್ಟು ಕತ್ತರಿಸು,
ಹೊಗೆಸೊಪ್ಪಿನ ಪುಡಿ ಉದುರಿಸು, ಸುರುಳಿ ಸುತ್ತು, ತಲೆ ಮಡಚು, ನೂಲು ಬಿಗಿ.
ಇಪ್ಪತ್ತೈದಕ್ಕೆ ಕಟ್ಟು, ನಲವತ್ತು ಕಟ್ಟಿಗೆ ಸಾವಿರ,
ಸಾವಿರಕ್ಕೆ ಒಂದು ಹಗಲು, ಅರ್ಧ ರಾತ್ರಿ.
ಅಮ್ಮನ ಸೆರಗು ಹಿಡಿದು ಗುರುಪುರದ ಬ್ರಾಂಚಿಗೆ ಹೋಗುತ್ತಿದ್ದೆ.
ಚೆಕ್ಕರ್ ರುಕ್ಮಯಣ್ಣ ಒಂದೊಂದೇ ಕಟ್ಟು ಹೆಬ್ಬೆರಳಲ್ಲಿ ಒತ್ತುವರು.
ಮುಖ ನೋಡುವುದಿಲ್ಲ. ಮಾತಿಲ್ಲ.
ಮೆತ್ತಗಾದದ್ದು ಮುರಿದು ಬುಟ್ಟಿಗೆ.
ಅಮ್ಮ ಕಾರಣ ಕೇಳಿದ್ದನ್ನು ನಾನು ನೋಡಿಲ್ಲ;
ಮನೆಗೆ ಬಂದು, ನಾನು ಮಗ್ಗಿ ಬರೆಯುತ್ತಿದ್ದ ದೀಪಕ್ಕೇ ಬೆನ್ನು ಬಾಗಿಸಿ
ಮುರಿದಷ್ಟನ್ನು ಮತ್ತೆ ಸುತ್ತುತ್ತಿದ್ದಳು,
ಇನ್ನೊಂದಿಷ್ಟು ಬಿಗಿಯಾಗಿ.

ನಾನೂ ಕೇಳಲಿಲ್ಲ. ಬಿಗಿ ಮಾಡಿದೆ.

ಈಗ ಕೊನೆಯ ಪುಟ. ನೈತಿಕ ಸಮಿತಿಯ ಒಪ್ಪಿಗೆ, ಇದೆ.
ಲೇಖಕರ ಕ್ರಮ: ವಿಭಾಗದ ಮುಖ್ಯಸ್ಥರು ಕೊನೆಗೆ
(ಬೆಂಗರೆಯ ದೋಣಿ ಹತ್ತಿದವರಲ್ಲ, ಇರಲಿ).
ಆಮೇಲೆ ಒಂದು ಪ್ರಶ್ನೆ, ಉತ್ತರಿಸದೆ ಮುಂದೆ ಬಿಡುವುದಿಲ್ಲ:
ತಂಬಾಕು ಉದ್ಯಮದಿಂದ ನೀವಾಗಲಿ, ನಿಮ್ಮ ಕುಟುಂಬದವರಾಗಲಿ
ಎಂದಾದರೂ ಹಣ ಪಡೆದದ್ದಿದೆಯೆ?

ಹನ್ನೆರಡೂ ಐದಕ್ಕೆ ಫೋನು ಮಾಡಿದೆ. ಅಮ್ಮನಿಗೆ ನಿದ್ದೆ ಕಡಿಮೆ.
“ಪಡೆದದ್ದೆಂತ? ಪಿ.ಎಫ್. ಬಾಕಿ ಇನ್ನೂ ಬರ್ಲಿಕ್ಕುಂಟು.
ಬರೆ ಅದನ್ನೂ.” ಆಮೇಲೆ, “ಊಟ ಆಯ್ತಾ?”

ಬಿ.ಸಿ.ರೋಡಿನ ಶಾಲೆಯ ಫೀಸು, ನೀಲಿ ಸ್ಕರ್ಟು,
ಪಿ.ಯು.ಸಿ.ಯ ಗೈಡುಗಳು, ಮೊದಲ ಸ್ಟೆತಸ್ಕೋಪು.
‘ಹೌದು’ ಒತ್ತಿದೆ.
ಖಾಲಿ ಚೌಕವೊಂದು ತೆರೆದುಕೊಂಡಿತು:
ವಿವರಿಸಿ, ನೂರು ಪದ ಮೀರದಂತೆ.

ಎಲೆ ನೆನೆಸುವಲ್ಲಿಂದ ಶುರುಮಾಡಿದೆ.