ಕೋಲು ತೂರುವ ತೋಳು

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದುಗಡೆ
ನನ್ನ ಹೊಲಿಗೆ ಅಂಗಡಿಗೆ
ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ತಂದಿದ್ದ,
ಕದುರಪ್ಪನಾಯಕರ ಮನೆಯ ಹುಡುಗ.
"ಹುಷಾರಕ್ಕ, ಇನ್ನೂರು ವರ್ಷದ್ದು."
ಹುಷಾರಾಗಿಯೇ ಬಿಡಿಸಿದೆ.
ನುಸಿಯ ವಾಸನೆ, ಕರ್ಪೂರದ ವಾಸನೆ,
ಅದರಡಿ ಇನ್ನೊಂದು ಯಾವುದೋ,
ಮೂಗಿಗೆ ಗೊತ್ತು, ನಾಲಿಗೆಗೆ ಬರಲೊಲ್ಲದು.

ಕಾವಿಯೂ ಅಲ್ಲ, ಕೆಂಪೂ ಅಲ್ಲ.
ನಡುವೆ ಒಂದು ಪ್ರಾಣಿ. ಸಿಂಹ ಅಂದ.
ಮುಖವನ್ನು ಇಲಿ ತಿಂದಿದೆ.
ಉಳಿದದ್ದು ಬಾಲ, ಮೂರು ಕಾಲು,
ಒಂದು ಕಾಲಲ್ಲಿ ಎತ್ತಿ ಹಿಡಿದ ಕತ್ತಿ.
"ಶುಕ್ರವಾರಕ್ಕೆ ಬೇಕು. ಊರಬಾಗಿಲ ಮೇಲೆ ಏರಿಸ್ತೀವಿ."

ನಾನು ಅದನ್ನು ಕಂಡದ್ದು ಅವತ್ತೇ ಮೊದಲು.
ಕೇಳಿದ್ದು ಮಾತ್ರ ತೊಟ್ಟಿಲಿನಿಂದ.
ಮಾರಜ್ಜಿ ಹೇಳೋಳು:
"ಬಾವ್ಟ ಬರೋಕೆ ಮುಂಚೆ ತಮಟೆ ಬರೋದು.
ಬಡಿಯೋನು ನಮ್ಮಪ್ಪನೇ.
ಅಪ್ಪನ ಸದ್ದು ಕೇಳಿದ್ದೇ ತಡ ನಾವು ಮಕ್ಳು
ಕಳ್ಳಿಸಾಲಿಗೆ ಓಡಿ, ಬೆನ್ನು ಹಾಕಿ ನಿಲ್ಲೋದು.
ಕಣ್ಣು ಬಿದ್ರೆ ಮೈಲಿಗೆ."
ಯಾರಿಗಜ್ಜಿ, ಅಂದೆ.
"ಬಟ್ಟೆಗೆ" ಅಂದಳು,
ಎಲೆಗೆ ಸುಣ್ಣ ಸವರುತ್ತಾ.

ಪಕ್ಕದ ಜೆರಾಕ್ಸ್ ಅಂಗಡಿಯ ಓಬಳೇಶ
ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದಾನೆ, ಮೂರು ಪ್ರತಿ.
"ಅದು ಬಾವುಟ ಅಲ್ಲಕ್ಕ, ಬಾರುಕೋಲು."
ಹುಡುಗ ಹೊಸ್ತಿಲಲ್ಲೇ ನಿಂತ:
"ಅದರ ಕೆಳಗೆ ನಮ್ಮೋರು ಜೀವ ಬಿಟ್ಟವ್ರೆ."
"ನಮ್ಮೋರು ಅದರ ಕೆಳಗೆ ಜೀವ ಹಿಡ್ಕಂಡಿದ್ರು."
ಒಂದು ಕಾಲಕ್ಕೆ ಒಂದೇ ಬೆಂಚಿನವರು ಇಬ್ಬರೂ,
ಒಂದೇ ಸಲ ನನ್ನ ಕಡೆ ತಿರುಗಿದರು.
ನಾನು ಸೂಜಿಗೆ ಪೋಣಿಸುತ್ತಿದ್ದೆ,
ದಾರದ ತುದಿ ಹಲ್ಲಿನ ನಡುವೆ.
ಮಾತಾಡುವ ಹಾಗಿರಲಿಲ್ಲ.

ರಾತ್ರಿ ಷಟರ್ ಅರ್ಧ ಇಳಿಸಿ
ಬಲ್ಬು ಹತ್ತಿರಕ್ಕೆಳೆದು ತಿರುವಿ ಹಾಕಿದೆ.
ಬಟ್ಟೆಯ ಮುಂಭಾಗ ಯಾರನ್ನಾದರೂ ನಂಬಿಸುತ್ತದೆ,
ಹೊಲಿಯುವವರು ಬೆನ್ನು ನೋಡಬೇಕು.
ಬೆನ್ನ ತುಂಬಾ ತೇಪೆ. ಯಾರದೋ ಸೀರೆಯ ಚೂರು,
ಹಿಟ್ಟಿನ ಚೀಲದ ಚೂರು,
ಒಂದು ಕಡೆ ಎಡಗೈಯವರು ಹಾಕಿದ ಹೊಲಿಗೆ.
ಹಾಗೇ ಬೆರಳಾಡಿಸುತ್ತ ಅಂಚಿಗೆ ಬಂದೆ.

ಕೋಲು ತೂರುವ ತೋಳು
ಬಟ್ಟೆಯದಲ್ಲ. ತೊಗಲು.
ತಂಗಡಿ ಚಕ್ಕೆಯ ನೀರಲ್ಲಿ ಹದವಾದ ತೊಗಲು.
ಆ ಮೂರನೇ ವಾಸನೆ,
ನಮ್ಮ ಹಟ್ಟಿಯ ಹಿಂದಿನ ಗುಂಡಿಯದು.
ಜೋಡುಹೊಲಿಗೆ, ಆರಕ್ಕೊಂದು ಗಂಟು,
ಗಂಟಿನ ಬಾಲ ಒಳಕ್ಕೆ.
ನನ್ನ ತಾತ ಕಪಿಲೆ ಬಾನಿಗೆ ಹಾಕುತ್ತಿದ್ದದ್ದು ಇದೇ,
ತೊಟ್ಟು ನೀರು ಸೋರದ ಹಾಗೆ.

ನೋಡಬಾರದಿತ್ತು ನಾವು.
ಹೊಲಿಯಬಹುದಿತ್ತು.
ಯಾವ ಮುತ್ತಾತನ ಮುತ್ತಾತನೋ
ಮಂಡಿಯ ಮೇಲೆ ಹಾಸಿಕೊಂಡು
ಅಂಬಿನಲ್ಲಿ ತೂತು ಕೊರೆದು, ಮೇಣದ ದಾರ ಎಳೆದು,
ಹಲ್ಲಲ್ಲೇ ಕಡಿದು ಕೊಟ್ಟು,
ಆಮೇಲೆ ಕಳ್ಳಿಸಾಲಿಗೆ ಹೋಗಿ ನಿಂತಿರಬೇಕು
ಬೆನ್ನು ಹಾಕಿ.

ಸುಳ್ಳು ಯಾಕೆ, ಒಂದು ಗಳಿಗೆ ಹಿಗ್ಗಾಯಿತು.
ಒಳ್ಳೆಯ ಕೆಲಸ ಕಂಡರೆ ಕೈಗೆ ಹಿಗ್ಗು.
ಬಟ್ಟೆಯೆಲ್ಲಾ ಲಡ್ಡಾಗಿದೆ, ತೊಗಲು ಹಾಗೇ ಇದೆ.
ಆಮೇಲೆ ಕತ್ತರಿ ತೆಗೆದುಕೊಂಡೆ.
ಎಷ್ಟು ಹೊತ್ತು ಹಿಡಿದು ಕೂತಿದ್ದೆನೋ,
ಪಾವಗಡದ ಕೊನೇ ಬಸ್ಸು ಹೋಯಿತು,
ಬೆಟ್ಟದ ಮೇಲೆ ಕೋಟೆಯೂ ಕಾಣದಷ್ಟು ಕತ್ತಲು.
ಕತ್ತರಿಯಿಂದ
ದಾರದ ತುದಿ ಕತ್ತರಿಸಿದೆ. ಅಷ್ಟೇ.

ಶುಕ್ರವಾರ ಬಂದ. ಬಿಡಿಸಿ ನೋಡಿದ.
"ಸಿಂಹದ ಮುಖ ಹಾಕಿಲ್ವಲ್ಲಕ್ಕ?"
ಯಾವ ಮುಖ ಅಂತ ಗೊತ್ತಿಲ್ಲದೆ
ಹೊಲಿಯೋಕಾಗಲ್ಲ ಅಂದೆ.
"ಇಲ್ಲಿ ತೊಗಲು ಐತಲ್ಲ, ಇದು ಗಟ್ಟಿ ಐತಾ?"
ಗಟ್ಟಿ ಐತೆ, ಅಂದೆ. ಅದನ್ನ ನಾನು ಮುಟ್ಟಿಲ್ಲ.
ಓಬಳೇಶನಿಗೆ ಇದನ್ನು ಇನ್ನೂ ಹೇಳಿಲ್ಲ.
ಹೇಳಿದರೆ ಅರ್ಜಿಯಲ್ಲಿ ಎಲ್ಲಿ ಸೇರಿಸುತ್ತಾನೆ,
ಮೇಲೋ, ಕೆಳಗೋ?

ನೂರೈವತ್ತು ಅಂದೆ.
ಇನ್ನೂರರ ನೋಟು ಕೈಗೇ ಕೊಟ್ಟ,
"ಚಿಲ್ಲರೆ ಇರ್ಲಿ ಬಿಡಕ್ಕ, ನೀನೇ ಇಟ್ಕೋ."
ಡಬ್ಬಿ ಬಗ್ಗಿಸಿ
ಹತ್ತರ ನಾಣ್ಯ ಐದು
ಎಣಿಸಿ ಕೊಟ್ಟೆ.