ಸುತ್ತುದಾರಿ

ಘಟ್ಟ ಮುಚ್ಚಿದೆ. ಕಬ್ಬಿಣದ ಅಡ್ಡಗಂಬ ಇಳಿದಿದೆ.
ಹೊರಗೆ ಹನ್ನೊಂದು ಲಾರಿ, ಇಂಜಿನ್ ಆರಿಸದೆ ಗೊಣಗುತ್ತ.
ಆರಿಸಿದರೆ ಡೀಸೆಲ್ ಮೇಣವಾಗುತ್ತದೆ.
ಒಳಗೆ ನನ್ನ ಒಲೆ, ಉಪ್ಪು ಹಾಕಿದ ಹಾಲಿನ ಚಹಾ.
ಬಾಗಿಲ ಬಳಿ ಹನ್ನೊಂದು ಜೊತೆ ಬೂಟು
ನೀರು ಬಿಡುತ್ತಿವೆ.

ತೊಕ್ತೊಬೂಬು ಅಜ್ಜಿ ಗೋಡೆಗೊರಗಿ ಶುರುಮಾಡಿದ್ದಳು:
ಏಳು ಜನ ಅಣ್ಣತಮ್ಮಂದಿರು, ಏಳು ಕುದುರೆ,
ಟಗರಿನ ಕೊಂಬಿನೊಳಗೆ ಬೂದಿ ಹೊದ್ದ ಒಂದೇ ಕೆಂಡ.
ಸರೋವರದಾಚೆ ಅಕ್ಕನ ಊರಲ್ಲಿ ಎಲ್ಲ ಒಲೆಯೂ ಸತ್ತಿವೆ.
ಕೆಂಡಕ್ಕೆ ಒಂಬತ್ತು ರಾತ್ರಿಯ ಆಯುಷ್ಯ.
ಏಳೂ ಜನ ಕರಿಹಲ್ಲಿನ ಘಟ್ಟ ಹತ್ತಿದರು...

"ಯಾಕೆ ಹತ್ತಿದರು?" ಅಂದ
ನರಿನ್ ಕಡೆಯ ಜಿರ್ಗಲ್‌ಬೆಕ್, ಬಾಯ್ತುಂಬ ರೊಟ್ಟಿ.

ಅಷ್ಟು ಸಾಕಾಯಿತು.
ಸಕ್ಕರೆ ಡಬ್ಬಿ ಪರ್ವತವಾಯಿತು, ಚಮಚ ನದಿ,
ಕಚ್ಚಿಟ್ಟ ರೊಟ್ಟಿಯೇ ಸರೋವರ.
"ನದಿಯ ಮೇಲೇ ಹೋಗಬೇಕಿತ್ತು," ಅಂದ ಈರುಳ್ಳಿ ಲಾರಿಯವನು,
"ಹೆಪ್ಪುಗಟ್ಟಿದ ನದಿಗಿಂತ ನುಣುಪು ರಸ್ತೆ
ಯಾವ ಸರ್ಕಾರ ಹಾಕಿದೆ?"
"ನಡುವೆ ಬಿಸಿನೀರ ಬುಗ್ಗೆ ಇದೆಯಲ್ಲೋ, ಅಲ್ಲಿ ಗಡ್ಡೆ ಹಪ್ಪಳ."
"ಹಾಗಾದರೆ ದಕ್ಷಿಣದ ಹುಲ್ಲುಗಾವಲು?"
"ಅಲ್ಲಿ ಖಾನನ ಸುಂಕದವರು."
"ಕೈ ಬೆಚ್ಚಗೆ ಮಾಡಿದರೆ ಬಿಡ್ತಾರೆ."
"ಯಾವುದರಲ್ಲಿ? ಕೆಂಡದಲ್ಲಾ?"
ನಗು. ಮತ್ತೊಂದು ಸುತ್ತು ಚಹಾ.
"ಸಾಕಿದ ಹದ್ದಿನ ಕಾಲಿಗೆ ಕೊಂಬು ಕಟ್ಟಿ ಹಾರಿಸಿದ್ದರೆ?"
ಅಜ್ಜಿಯೇ ಅಂದಳು:
"ಹದ್ದು ತನಗೆ ಹಸಿದ ದಿಕ್ಕಿಗೆ ಹೋಗುತ್ತೆ, ಮಗಾ."

ಮೂಲೆಯಲ್ಲಿದ್ದ ಅಸಾಂಕುಲ್ ಎದ್ದು ಬಂದ.
ಚೆಲ್ಲಿದ ಚಹಾದಲ್ಲಿ ಬೆರಳದ್ದಿ
ಡಬ್ಬಿಯ ಉತ್ತರಕ್ಕೆ ಗೆರೆ ಎಳೆದ.
ಮೇಜು ಸಾಲಲಿಲ್ಲ.
"ಹೀಗೆ ಬಳಸಿ ಬಂದರೆ ಹನ್ನೆರಡು ರಾತ್ರಿ."
"ಕೆಂಡಕ್ಕಿರೋದು ಒಂಬತ್ತು."
"ಗೊತ್ತು."

ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು.
ಎರಡು ಚಳಿಗಾಲದ ಹಿಂದೆ ಇದೇ ಅಡ್ಡಗಂಬವನ್ನು
ದುಡ್ಡು ಕೊಟ್ಟು ಎತ್ತಿಸಿದ್ದು ಅವನೇ.
ಹಿಂದಿನ ಲಾರಿಯಲ್ಲಿ ಹೆಂಡತಿಯ ತಮ್ಮ.
ತಿರುವಿಗೆ ಮುಂಚೆ ದೀಪ ಕನ್ನಡಿಯಲ್ಲಿತ್ತು.
ತಿರುವಿನಾಚೆ ಕನ್ನಡಿ ಮಾತ್ರ.

"ಅಜ್ಜಿ, ಬಳಸಿ ಹೋದ ಕಥೆ ಯಾರೂ ಹೇಳಿಲ್ಲವಾ?"

ಅರವತ್ತು ವರ್ಷದಿಂದ ಅವಳು
ಕಿರಿಯವನನ್ನು ಅದೇ ಬಂಡೆಯಿಂದ ಬೀಳಿಸುತ್ತ ಬಂದಿದ್ದಾಳೆ,
ಅದೇ ಸಾಲಿಗೆ, ಅದೇ ಉಸಿರಿಗೆ.
ಬಟ್ಟಲು ಬರಿದು ಮಾಡಿದಳು. ಬಾಯಿ ಒರೆಸಿಕೊಂಡಳು.
ಏಳು ಲಗಾಮನ್ನು ಉತ್ತರಕ್ಕೆ ತಿರುಗಿಸಿದಳು.

ಆ ದಾರಿಯಲ್ಲಿ ಅವಳಿಗೆ ಸಿದ್ಧ ಪದವಿಲ್ಲ.
ಕತ್ತಲಲ್ಲಿ ಕಾಲಿಂದ ಕಲ್ಲು ತಡವುವವಳ ಹಾಗೆ
ನಿಂತಳು, ಹಿಂದೆ ಬಂದಳು, ಒಂದು ಕುದುರೆಯ ಬಣ್ಣ ತಪ್ಪಿದಳು.
ಯುದ್ಧವಿಲ್ಲ. ರಾಕ್ಷಸರಿಲ್ಲ. ಒಬ್ಬನಿಗೆ ಕೆಮ್ಮು.
ಈವರೆಗೆ ಒಂದು ಮಾತೂ ಆಡದೆ ಸಾಯುತ್ತಿದ್ದ ಕಿರಿಯವನು
ಐದನೇ ರಾತ್ರಿ ಗಂಜಿ ಸೀಯಿಸಿ
ಕುದುರೆಯ ಮೇಲೆ ತಪ್ಪು ಹೊರಿಸಿದ.
ಜಿರ್ಗಲ್‌ಬೆಕ್‌ಗೆ ನಗು ತಡೆಯಲಿಲ್ಲ.
ಒಂಬತ್ತನೇ ರಾತ್ರಿ ಕೊಂಬು ತಣ್ಣಗಾಯಿತು.

"ಹೇಳಿದೆನಲ್ಲ ನಾನು," ಈರುಳ್ಳಿಯವನ ಪಿಸುಮಾತು.
ಅಸಾಂಕುಲ್ ಕೇಳಿದ್ದು ಬೇರೆ:
"ಏಳೂ ಜನ ಇದ್ದಾರಾ?"
"ಇದ್ದಾರೆ."
"ಮುಂದೆ?"
"ಅಕ್ಕ ಹೊಸಿಲಲ್ಲಿ ನಿಂತಿದ್ದಾಳೆ. ಎಣಿಸುತ್ತಿದ್ದಾಳೆ.
ಅದರಾಚೆ ನನಗೂ ತಿಳಿಯದು. ಮಲಗಿ."

ಬೆಳಿಗ್ಗೆ ಹಿಮ ತಳ್ಳುವ ಯಂತ್ರ ಬಂತು, ಕಂಬ ಎದ್ದಿತು.
ಹತ್ತು ಲಾರಿ ಮೇಲೆ ಹೋದವು.
ಒಂದು, ತಿರುಗಲು ಜಾಗ ಸಾಲದೆ,
ನಾಲ್ಕು ಸಲ ಹಿಂದೆ ಮುಂದೆ ಮಾಡಿ ತಿರುಗಿತು.

ನಾನು ಬೂದಿ ತೋಡುತ್ತಿದ್ದೆ.
ಅಜ್ಜಿ ಕಣ್ಣು ತೆರೆಯದೆಯೇ ಅಂದಳು:
"ಅಕ್ಕನ ಒಲೆಗೆ ಬೆಂಕಿ ಎಲ್ಲಿಂದ ಬಂತು,
ನೀನೂ ಒಂಚೂರು ಯೋಚಿಸೇ ಹುಡುಗಿ.
ಸಂಜೆಯೊಳಗೆ ಬೇಕು."